ಮಳೆಯ ಲೆಕ್ಕದಲ್ಲಿ ಶ್ರೀಲಂಕಾದ ಹಕ್ಕಿಗಳು

ಬೆಂಗಳೂರಿನ ಪಕ್ಷಿವೀಕ್ಷಕರ ನಡುವೆ ಹೊರದೇಶದ ಪ್ರವಾಸದ ಮಾತು ಬಂದಾಗ ಕೋಸ್ಟರೀಕಾ, ಕೀನ್ಯಾ, ಥಾಯ್ಲೆಂಡ್‌ಗಳ ಹೆಸರು ಮೊದಲು ಕೇಳಿಬರುತ್ತದೆ. ಯಾರಾದರೂ ಶ್ರೀಲಂಕಾ ಎಂದರೆ, ‘ಅಲ್ಲೇನಿದೆ ಹೊಸದು, ಎಲ್ಲ ನಮ್ಮ ಹಕ್ಕಿಗಳೇ ತಾನೆ’ ಎಂದು ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಆ ಮಾತು ಅರ್ಧ ನಿಜ. ನನ್ನನ್ನು ಕೇಳಿದರೆ, ನಮ್ಮ ಕಡೆಯವರು ಶ್ರೀಲಂಕಾಕ್ಕೆ ಹೋಗಬೇಕಾದದ್ದು ಆ ಅರ್ಧ ನಿಜಕ್ಕಾಗಿಯೇ. ಯೂರೋಪಿನಿಂದ ಬಂದವರಿಗೆ ಆ ದ್ವೀಪದಲ್ಲಿ ಕಾಣುವುದೆಲ್ಲವೂ ಒಂದೇ ಸಮನೆ ಹೊಸದು; ಕೊಡಗು, ಆಗುಂಬೆ, ದಾಂಡೇಲಿಗಳಲ್ಲಿ ದುರ್ಬೀನು ಹಿಡಿದು ಅಲೆದವರಿಗೆ ಮಾತ್ರ ಯಾವುದು ನಮ್ಮದೇ ಹಕ್ಕಿ, ಯಾವುದು ನಮ್ಮದರಂತೆ ಕಂಡೂ ನಮ್ಮದಲ್ಲ ಎಂಬ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಒಂದೂವರೆ ಗಂಟೆಯ ಹಾದಿ. ಗಡಿಯಾರದ ಮುಳ್ಳನ್ನು ಕೂಡ ತಿರುಗಿಸಬೇಕಾಗಿಲ್ಲ, ಏಕೆಂದರೆ ಎರಡೂ ಕಡೆಯ ಸಮಯ ಒಂದೇ. ದೇಶದ ವಿಸ್ತೀರ್ಣ ಸುಮಾರು 65,600 ಚದರ ಕಿಲೋಮೀಟರ್, ಎಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಉತ್ತರದ ತುದಿಯಿಂದ ದಕ್ಷಿಣದ ತುದಿಯವರೆಗೆ ಅಳೆದರೂ ಬೆಂಗಳೂರಿನಿಂದ ಬೆಳಗಾವಿಗೆ ಹೋಗುವಷ್ಟು ದೂರವಾಗುವುದಿಲ್ಲ. ಇಷ್ಟು ಚಿಕ್ಕ ಜಾಗದಲ್ಲಿ ಮುಳ್ಳುಕಂಟಿಯ ಬಯಲು, ಉಪ್ಪುನೀರಿನ ಹಿನ್ನೀರು, ಸಾವಿರಾರು ಹಳೆಯ ಕೆರೆಗಳು, ವರ್ಷವಿಡೀ ತೊಟ್ಟಿಕ್ಕುವ ಮಳೆಕಾಡು, ಎರಡು ಸಾವಿರ ಮೀಟರಿಗಿಂತ ಎತ್ತರದ ಹುಲ್ಲುಗಾವಲು, ಮೋಡ ಕವಿದ ಕುಳ್ಳ ಮರಗಳ ಕಾಡು, ಎಲ್ಲವೂ ಇವೆ. ಹಾಗಾಗಿ ಅಲ್ಲಿಗೆ ಹೋಗುವವರು ಮೊದಲು ಬಿಡಿಸಿಕೊಳ್ಳಬೇಕಾದದ್ದು ಹಕ್ಕಿಗಳ ಪಟ್ಟಿಯನ್ನಲ್ಲ, ಮಳೆಯ ನಕ್ಷೆಯನ್ನು.

ನಕ್ಷೆ ಸರಳವಾಗಿದೆ. ದ್ವೀಪದ ನೈಋತ್ಯ ಮೂಲೆಯಲ್ಲಿ ವರ್ಷಕ್ಕೆ 2,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅದನ್ನು ತೇವವಲಯ ಎನ್ನುತ್ತಾರೆ. ಉತ್ತರ, ಪೂರ್ವ ಮತ್ತು ಆಗ್ನೇಯದ ವಿಶಾಲ ಭಾಗಕ್ಕೆ 1,750 ಮಿಲಿಮೀಟರಿಗಿಂತ ಕಡಿಮೆ, ಅದು ಒಣವಲಯ. ನಡುವೆ ಒಂದು ಪಟ್ಟಿ ಎರಡಕ್ಕೂ ಸೇರದೆ ಉಳಿಯುತ್ತದೆ. ಮಳೆಯ ಮೊತ್ತವನ್ನಷ್ಟೇ ನೋಡಿದರೆ ನಮ್ಮ ಆಗುಂಬೆಯ ಮುಂದೆ ಅಲ್ಲಿನ ಸಿಂಹರಾಜ ಕಾಡು ಏನೇನೂ ಅಲ್ಲ. ಆದರೆ ಆಗುಂಬೆಯ ಮಳೆ ನಾಲ್ಕೈದು ತಿಂಗಳಲ್ಲಿ ಸುರಿದು ಮುಗಿದು, ಮಾರ್ಚ್ ಹೊತ್ತಿಗೆ ಹಳ್ಳಗಳು ಕಲ್ಲು ತೋರಿಸತೊಡಗುತ್ತವೆ. ಸಿಂಹರಾಜಕ್ಕೆ ಎರಡೂ ಮಾನ್ಸೂನ್‌ಗಳ ಪಾಲು ಸಿಗುವುದರಿಂದ ಅಲ್ಲಿ ನಿಜವಾದ ಒಣ ತಿಂಗಳು ಎಂಬುದೇ ಇಲ್ಲ. ಹಕ್ಕಿಗಳ ಮಟ್ಟಿಗೆ ಒಟ್ಟು ಮಳೆಗಿಂತ ಈ ಹಂಚಿಕೆಯೇ ಮುಖ್ಯ. ಹಣ್ಣು ಮತ್ತು ಹುಳು ವರ್ಷವಿಡೀ ಸಿಗುವ ಕಡೆ ಹಕ್ಕಿ ಊರು ಬಿಡುವ ಪ್ರಮೇಯ ಬರುವುದಿಲ್ಲ.

ಶ್ರೀಲಂಕಾದಲ್ಲಿ ದಾಖಲಾದ ಹಕ್ಕಿಗಳ ಸಂಖ್ಯೆ ಹೆಚ್ಚೂಕಡಿಮೆ ಐನೂರು. ಅವುಗಳಲ್ಲಿ ಬೇರೆಲ್ಲೂ ಇಲ್ಲದೆ ಆ ದ್ವೀಪಕ್ಕೇ ಸೀಮಿತವಾದವು, ಯಾರ ವರ್ಗೀಕರಣವನ್ನು ಹಿಡಿಯುತ್ತೇವೆ ಎಂಬುದರ ಮೇಲೆ, 33 ಅಥವಾ 34. ಇವುಗಳಲ್ಲಿ ಬಹುಪಾಲು ತೇವವಲಯದಲ್ಲಿ ಮತ್ತು ಬೆಟ್ಟದ ಮೇಲೆ ಇವೆ. ಒಣವಲಯದ ಹಕ್ಕಿಗಳು ತಮಿಳುನಾಡಿನ ಬಯಲಿನಲ್ಲಿ, ನಮ್ಮ ಚಾಮರಾಜನಗರದ ಕುರುಚಲಿನಲ್ಲಿ ಕಾಣುವವೇ. ಕೇವಲ ಸಮುದ್ರವೇ ಅಡ್ಡವಾಗಿದ್ದರೆ ಎರಡೂ ವಲಯದ ಹಕ್ಕಿಗಳು ಒಂದೇ ಪ್ರಮಾಣದಲ್ಲಿ ಬೇರೆಯಾಗಬೇಕಿತ್ತಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಪಾಕ್ ಕೊಲ್ಲಿಯ ಸಮುದ್ರಕ್ಕೆ ಹೇಳಿಕೊಳ್ಳುವಂಥ ಆಳವಿಲ್ಲ. ಹಿಮಯುಗಗಳಲ್ಲಿ ಸಮುದ್ರಮಟ್ಟ ನೂರು ಮೀಟರಿಗಿಂತ ಹೆಚ್ಚು ಕುಸಿದಾಗಲೆಲ್ಲ ದ್ವೀಪವೂ ಭಾರತವೂ ಒಂದೇ ನೆಲವಾಗಿದ್ದವು. ಆದರೆ ಆ ನೆಲ ಒಣನೆಲ. ಬಯಲಿನ ಹಕ್ಕಿ ಅದನ್ನು ದಾಟಿತು. ತೇವವಿಲ್ಲದೆ ಬದುಕಲಾರದ ಕಾಡಿನ ಜೀವಿಗಳಿಗೆ ಅದು ಸಮುದ್ರದಷ್ಟೇ ಕಠಿಣವಾದ ಅಡ್ಡಿಯಾಯಿತು. 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು ಕಪ್ಪೆ, ಸಿಹಿನೀರಿನ ಏಡಿ ಮುಂತಾದವುಗಳ ವಂಶಾವಳಿಯನ್ನು ಪರಿಶೀಲಿಸಿ, ಭೂಸೇತುವೆ ಪದೇ ಪದೇ ಎದ್ದಿದ್ದರೂ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದ ತೇವಕಾಡುಗಳ ನಡುವೆ ಕೊಡುಕೊಳ್ಳುವಿಕೆ ತೀರಾ ಕಡಿಮೆಯಾಗಿತ್ತು ಎಂದು ತೋರಿಸಿತು.

ಹೀಗೆ ಮನೆ ಪಾಲಾದ ದಾಯಾದಿಗಳಂತೆ ಎರಡೂ ಕಡೆ ಉಳಿದ ಹಕ್ಕಿಗಳನ್ನು ಜೋಡಿ ಜೋಡಿಯಾಗಿ ನೋಡುವುದೇ ಈ ಪ್ರವಾಸದ ಸೊಗಸು. ನಂದಿಬೆಟ್ಟದಲ್ಲಿ ನಾವು ಕತ್ತು ನೋಯುವವರೆಗೆ ಹುಡುಕುವ ನೀಲಗಿರಿ ಕಾಡುಪಾರಿವಾಳಕ್ಕೆ ಅಲ್ಲಿ ಶ್ರೀಲಂಕಾ ಕಾಡುಪಾರಿವಾಳ ಜೋಡಿ. ಬಂಡೀಪುರದ ಬೂದು ಕಾಡುಕೋಳಿಗೆ ಅಲ್ಲಿನ ರಾಷ್ಟ್ರಪಕ್ಷಿಯಾದ ಕಿತ್ತಳೆಗೆಂಪು ಮೈಯ, ಕೆಂಪು ಜುಟ್ಟಿನ ನಡುವೆ ಹಳದಿ ಮಚ್ಚೆಯಿರುವ ಕಾಡುಕೋಳಿ ಜೋಡಿ. ಮಲೆನಾಡಿನ ನೀಲಿರೆಕ್ಕೆಯ ಗಿಳಿಗೆ ಲೇಯಾರ್ಡ್ ಗಿಳಿ, ಮಲಬಾರ್ ಬೂದು ಮಂಗಟ್ಟೆಗೆ ಶ್ರೀಲಂಕಾ ಬೂದು ಮಂಗಟ್ಟೆ, ನಮ್ಮ ಸಿಳ್ಳಾರಕ್ಕೆ ಅಲ್ಲಿನ ಸಿಳ್ಳಾರ. ಮಲಬಾರ್ ಟ್ರೋಗನ್ ಮತ್ತು ಕಪ್ಪೆಬಾಯಿ ಹಕ್ಕಿಗಳು ಮಾತ್ರ ಎರಡೂ ಕಡೆ ಒಂದೇ ಪ್ರಭೇದವಾಗಿ ಉಳಿದಿವೆ. ಕಪ್ಪೆಬಾಯಿಯ ಹೆಸರಿನಲ್ಲಿ ಶ್ರೀಲಂಕಾ ಇದ್ದರೂ ಅದು ನಮ್ಮ ಘಟ್ಟದಲ್ಲೂ ಇದೆ, ಟ್ರೋಗನ್ನಿನ ಹೆಸರಿನಲ್ಲಿ ಮಲಬಾರ್ ಇದ್ದರೂ ಅದು ಸಿಂಹರಾಜದಲ್ಲೂ ಕೂಗುತ್ತದೆ.

ಒಣವಲಯದ ಬಗ್ಗೆ ನಾನು ಬೇಗ ಮಾತು ಮುಗಿಸುತ್ತೇನೆ. ಉಡವಲವೆ ರಾಷ್ಟ್ರೀಯ ಉದ್ಯಾನದಲ್ಲಿ ಆನೆಗಳನ್ನು ನೋಡಬೇಕು, ಜೊತೆಗೆ ದಾಂಡೇಲಿಯಲ್ಲಿ ನೋಡಿದ ಕಪ್ಪುಬಿಳುಪಿನ ಮಂಗಟ್ಟೆಯನ್ನು ಇನ್ನಷ್ಟು ಸುಲಭವಾಗಿ ನೋಡಬಹುದು. ಚಿರತೆಗೆ ಹೆಸರಾದ ಯಾಲಾ ರಾಷ್ಟ್ರೀಯ ಉದ್ಯಾನವನ್ನು ಬಿಟ್ಟರೂ ಪಕ್ಷಿವೀಕ್ಷಕರಿಗೆ ನಷ್ಟವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಚಿರತೆಯ ಹಿಂದೆ ಸಾಲುಗಟ್ಟಿ ನಿಲ್ಲುವ ಜೀಪುಗಳ ನಡುವೆ ಕುಳಿತು ಪೊದೆಯೊಳಗಿನ ಹಕ್ಕಿಯ ದನಿ ಕೇಳಿಸಿಕೊಳ್ಳುವುದು ಆಗದ ಮಾತು. ಆ ಸಮಯವನ್ನು ಪಕ್ಕದ ಬುಂದಲಕ್ಕೆ ಕೊಟ್ಟರೆ ಹೆಚ್ಚು ಲಾಭ.

ಬುಂದಲ 1990ರಲ್ಲಿ ಶ್ರೀಲಂಕಾದ ಮೊದಲ ರಾಮ್‌ಸಾರ್ ತಾಣ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು. ನಮ್ಮ ರಾಜ್ಯದ ಮೊದಲ ರಾಮ್‌ಸಾರ್ ತಾಣವಾದ ರಂಗನತಿಟ್ಟಿಗೆ ಆ ಮನ್ನಣೆ ಸಿಕ್ಕಿದ್ದು 2022ರಲ್ಲಿ. ಬಣ್ಣದ ಕೊಕ್ಕರೆ, ಚಮಚಕೊಕ್ಕು, ಹೆಜ್ಜಾರ್ಲೆ, ಮೆಟ್ಟುಗಾಲು ಹಕ್ಕಿ ಎಂದು ಪಟ್ಟಿ ಬರೆಯತೊಡಗಿದರೆ ಶ್ರೀರಂಗಪಟ್ಟಣದಲ್ಲೇ ಇದ್ದೇವೇನೋ ಅನ್ನಿಸುತ್ತದೆ. ಒಂದು ಕಾಲಕ್ಕೆ ಬುಂದಲದ ಹೆಸರು ಕೇಳಿದರೆ ಎಲ್ಲರೂ ರಾಜಹಂಸಗಳನ್ನು ನೆನೆಯುತ್ತಿದ್ದರು. ಚಳಿಗಾಲದಲ್ಲಿ ಅವು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರುತ್ತಿದ್ದವು. ಆಮೇಲೆ ಕಿರಿಂದಿ ಓಯ ನದಿಯ ನೀರಾವರಿ ಯೋಜನೆಯಿಂದ ಗದ್ದೆಗಳಲ್ಲಿ ಹೆಚ್ಚಾದ ಸಿಹಿನೀರು ಬಸಿದು ಎಂಬಿಲಿಕಲ ಮತ್ತು ಮಲಲ ಎಂಬ ಹಿನ್ನೀರುಗಳಿಗೆ ಸೇರತೊಡಗಿತು, ಉಪ್ಪಿನಂಶ ಕುಸಿಯಿತು, ಉಪ್ಪುನೀರಿನ ಸೀಗಡಿಯಂಥ ಸಣ್ಣ ಜೀವಿಗಳು ಕಡಿಮೆಯಾದವು, ಅವುಗಳನ್ನು ಸೋಸಿ ತಿನ್ನುವ ರಾಜಹಂಸಗಳೂ ವಿರಳವಾದವು. ನೀರು ಕಡಿಮೆಯಾದರೆ ಹಕ್ಕಿಗೆ ತೊಂದರೆ ಎಂದು ಎಲ್ಲರಿಗೂ ಗೊತ್ತು. ನೀರು ಹೆಚ್ಚಾದರೂ ತೊಂದರೆಯೇ ಎಂಬುದನ್ನು ಒಪ್ಪಿಸುವುದು ಕಷ್ಟ. ಬೆಂಗಳೂರಿನ ಸುತ್ತ ಬೇಸಿಗೆಯಲ್ಲಿ ಒಣಗಿ ಕೆಸರು ತೋರಿಸುತ್ತಿದ್ದ ಕೆರೆಗಳು ಈಗ ವರ್ಷವಿಡೀ ತುಂಬಿ ನಿಂತಾಗ ಜನ ಸಂತೋಷಪಡುತ್ತಾರೆ, ಕೆಸರಿನಂಚಿನಲ್ಲಿ ಕೊಕ್ಕು ಚುಚ್ಚಿ ಬದುಕುವ ಉಲ್ಲಂಕಿಗಳಿಗೆ ಮಾತ್ರ ಇಳಿಯಲು ಜಾಗವಿಲ್ಲ.

ಈಗ ಸಿಂಹರಾಜ. ಇಲ್ಲಿ ಎಷ್ಟು ಬರೆದರೂ ನನಗೆ ತೃಪ್ತಿಯಿಲ್ಲ. 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಈ ಕಾಡಿನ ವಿಸ್ತೀರ್ಣ ಸುಮಾರು 89 ಚದರ ಕಿಲೋಮೀಟರ್, ಬೆಂಗಳೂರು ನಗರದ ಏಳನೇ ಒಂದು ಭಾಗದಷ್ಟೂ ಅಲ್ಲ. ಕುಡವ ಎಂಬ ಹಳ್ಳಿಯ ಕಡೆಯಿಂದ ಒಳಗೆ ಹೋದರೆ ನಡೆಯಲು ಅಗಲವಾದ, ಹೆಚ್ಚು ಏರಿಳಿತವಿಲ್ಲದ ದಾರಿ ಸಿಗುತ್ತದೆ. ಆ ದಾರಿ ಮಾಡಿದ್ದು ನಡೆಯುವವರಿಗಾಗಿ ಅಲ್ಲ. 1970ರ ದಶಕದಲ್ಲಿ ಪ್ಲೈವುಡ್ ತಯಾರಿಕೆಗಾಗಿ ಇಲ್ಲಿ ಯಂತ್ರಗಳನ್ನು ಇಳಿಸಿ ಮರ ಕಡಿದರು, ದಿಮ್ಮಿ ಸಾಗಿಸಲು ರಸ್ತೆ ಮಾಡಿದರು. ಜನರ ವಿರೋಧ ಬಲವಾಗಿ 1977ರಲ್ಲಿ ಕಡಿತ ನಿಂತಿತು. ಇಂದು ಪ್ರಪಂಚದ ಎಲ್ಲೆಡೆಯಿಂದ ಬಂದವರು ಹಕ್ಕಿ ನೋಡುತ್ತ ನಿಲ್ಲುವುದು ಆ ಲಾರಿ ರಸ್ತೆಯ ಮೇಲೆಯೇ. ಮರ ಕಡಿದ ಜಾಗ ತುಸು ತೆರೆದುಕೊಂಡಿರುವುದರಿಂದ ಹಕ್ಕಿಗಳು ಕಣ್ಣಿಗೆ ಬೀಳುತ್ತವೆ. ಕಡಿಯದ ಒಳಗಾಡಿನಲ್ಲಿ ಅವುಗಳ ದನಿ ಮಾತ್ರ ಕೇಳುತ್ತದೆ.

ಮಳೆಕಾಡನ್ನು ಮೊದಲ ಸಲ ಹೊಕ್ಕವರಿಗೆ ಆಗುವ ನಿರಾಸೆಯನ್ನು ಮುಚ್ಚಿಡಬಾರದು. ಹೊಸಕೋಟೆ ಕೆರೆಯ ಏರಿಯ ಮೇಲೆ ನಿಂತರೆ ಹತ್ತು ನಿಮಿಷದಲ್ಲಿ ಮೂವತ್ತು ಬಗೆಯ ಹಕ್ಕಿಗಳನ್ನು ಬರೆದುಕೊಳ್ಳಬಹುದು. ಇಲ್ಲಿ ಒಂದು ಗಂಟೆ ನಡೆದರೂ ಎಲೆಯ ಮೇಲೆ ನೀರು ಬೀಳುವ ಸದ್ದಿನ ಹೊರತು ಏನೂ ಇರದೆ ಹೋಗಬಹುದು. ನಮ್ಮ ಜೊತೆ ಬಂದಿದ್ದ ನಿವೃತ್ತ ಮೇಷ್ಟ್ರು, ಲಾಲ್‌ಬಾಗಿನ ಎರಡನೇ ಭಾನುವಾರದ ನಡಿಗೆಯನ್ನು ಮಳೆ ಬಂದರೂ ತಪ್ಪಿಸದವರು, ಒಂದು ತಿರುವಿನಲ್ಲಿ ನಾನು ದುರ್ಬೀನು ಹಿಡಿದು ನಿಂತಿದ್ದನ್ನು ನೋಡಿ, “ಏನಪ್ಪಾ, ಇಷ್ಟು ದೂರ ಬಂದು ಹರಟೆಮಲ್ಲನ್ನೇ ನೋಡ್ತಾ ನಿಂತಿದ್ದೀಯಲ್ಲ” ಎಂದರು. “ಸ್ವಲ್ಪ ತಾಳಿ ಸಾರ್, ಇವು ಬಂದ್ವು ಅಂದ್ರೆ ಹಿಂದೆ ಉಳಿದವೂ ಬರುತ್ತೆ” ಎಂದೆ. ನನ್ನ ಮಾತಿನಲ್ಲಿ ಜಾಣತನವೇನೂ ಇರಲಿಲ್ಲ; ಸಿಂಹರಾಜದ ಬಗ್ಗೆ ಓದಿದವರೆಲ್ಲರಿಗೂ ಗೊತ್ತಿರುವ ಸಂಗತಿ ಅದು.

ಅವು ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು, ಆ ದ್ವೀಪಕ್ಕೇ ಸೀಮಿತವಾದ ಪ್ರಭೇದ. ಮೊದಲು ದೂರದಲ್ಲಿ ಗಲಾಟೆ ಕೇಳಿತು, ಆಮೇಲೆ ಕಂದುಬಣ್ಣದ ಹತ್ತಾರು ಹಕ್ಕಿಗಳು ಒಂದರ ಹಿಂದೊಂದು ದಾರಿ ದಾಟಿ, ಬಳ್ಳಿ, ಒಣಎಲೆ, ತೊಗಟೆಗಳನ್ನು ಕೆದಕುತ್ತ ಮುಂದೆ ಸರಿದವು. ಅವುಗಳ ಮೇಲಿನ ಕೊಂಬೆಯಲ್ಲಿ ಜುಟ್ಟಿನ ಕಾಜಾಣವೊಂದು ಬಂದು ಕುಳಿತು, ಕೆಳಗಿನವರು ಎಬ್ಬಿಸಿದ ಹುಳುವನ್ನು ಗಾಳಿಯಲ್ಲೇ ಹಿಡಿಯಿತು. ಅದು ನಮ್ಮ ಭೀಮರಾಜನ ಬಳಗದ್ದೇ, ಬಾಲದಲ್ಲಿ ಮಾತ್ರ ಉದ್ದ ತಂತಿಗಳಿಲ್ಲ. ಬಲಗಡೆಯ ಎತ್ತರದ ಮರದಲ್ಲಿ ಕೆಂಪು ಮುಖದ ಮಲ್ಕೋಹ ಎಲೆಗಳ ನಡುವೆ ಅಳಿಲಿನಂತೆ ಓಡಿ ಮರೆಯಾಯಿತು. ಟ್ರೋಗನ್ ಜೋಡಿ ನಮ್ಮ ತಲೆಯ ಮಟ್ಟಕ್ಕೆ ಬಂದು, ಬೆನ್ನು ತಿರುಗಿಸಿಕೊಂಡು ಕುಳಿತಿತು. ನೆಲದಲ್ಲಿ ಬೂದುತಲೆಯ ನಗೆಮಲ್ಲಗಳು ಎಲೆ ತಿರುವಿ ಹಾಕುತ್ತಿದ್ದವು. ಕೊನೆಗೆ ಕಡುಗೆಂಪು ಕೊಕ್ಕು, ಕೆಂಗಂದು ತಲೆ, ಹೊಳೆಯುವ ನೀಲಿ ಮೈಯ ಶ್ರೀಲಂಕಾ ನೀಲಿ ಮ್ಯಾಗ್‌ಪೈಗಳು ಬಂದವು. ನಮ್ಮ ಮಟಪಕ್ಷಿಯಂತೆ ಅವೂ ಕಾಗೆಯ ಕುಲದವು, ದನಿ ಕೇಳಿದರೆ ಆ ನಂಟಿನಲ್ಲಿ ಅನುಮಾನವೇ ಉಳಿಯುವುದಿಲ್ಲ. ಯಾವ ಕಡೆ ನೋಡಬೇಕೆಂದು ತಿಳಿಯದೆ ಎಲ್ಲರೂ ಒಬ್ಬರಿಗೊಬ್ಬರು ಪಿಸುದನಿಯಲ್ಲಿ ದಿಕ್ಕು ಹೇಳುತ್ತಿರುವಾಗಲೇ ಹಿಂಡು ಇಳಿಜಾರಿಗೆ ಸರಿಯಿತು, ದಾರಿ ಮತ್ತೆ ಖಾಲಿಯಾಯಿತು.

ಈ ಮಿಶ್ರ ಹಿಂಡುಗಳನ್ನು ಕೊಲಂಬೊ ವಿಶ್ವವಿದ್ಯಾನಿಲಯದ ಸರತ್ ಕೊಟಗಾಮ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಒಂದು ಹಿಂಡಿನಲ್ಲಿ ಸರಾಸರಿ ಹನ್ನೊಂದು ಹನ್ನೆರಡು ಪ್ರಭೇದಗಳ ಸುಮಾರು 40 ಹಕ್ಕಿಗಳಿರುತ್ತವೆ ಎಂಬುದು ಅವರ ಲೆಕ್ಕ. ಹರಟೆಮಲ್ಲಗಳು ಸಂಖ್ಯೆಯ ಬಲದಿಂದ ಹಿಂಡನ್ನು ಕಟ್ಟುತ್ತವೆ, ಕಾಜಾಣ ಕಾವಲು ಕಾಯುತ್ತದೆ. ಕೊಟಗಾಮ ಮತ್ತು ಎಬೆನ್ ಗುಡೇಲ್ ಅವರ ಪ್ರಯೋಗಗಳಲ್ಲಿ ಇದಕ್ಕಿಂತ ಸ್ವಾರಸ್ಯದ ಸಂಗತಿಯೊಂದು ಹೊರಬಿತ್ತು: ಕಾಜಾಣ ತನ್ನ ಹಾಡಿನ ನಡುವೆ ಹಿಂಡಿನ ಇತರ ಹಕ್ಕಿಗಳ ದನಿಯನ್ನು ಅನುಕರಿಸಿ ಸೇರಿಸುತ್ತದೆ, ಮತ್ತು ಹಾಗೆ ಅನುಕರಣೆ ಸೇರಿದ ಹಾಡನ್ನು ಕೇಳಿಸಿದಾಗ ಇತರ ಪ್ರಭೇದಗಳು ಹೆಚ್ಚಾಗಿ ಹತ್ತಿರ ಬರುತ್ತವೆ. ಎಂದರೆ ತನಗೆ ಊಟ ಎಬ್ಬಿಸಿಕೊಡುವವರನ್ನು ಅವರದೇ ದನಿಯಲ್ಲಿ ಕರೆದು ಗುಂಪು ಕೂಡಿಸಿಕೊಳ್ಳುವ ಉಪಾಯ ಅದಕ್ಕೆ ತಿಳಿದಿದೆ. ಇದನ್ನು ಕೇಳಿದ ಮೇಲೆ ಮೇಷ್ಟ್ರು ಹರಟೆಮಲ್ಲಗಳ ಬಗ್ಗೆ ಮತ್ತೆ ಹಗುರವಾಗಿ ಮಾತನಾಡಲಿಲ್ಲ.

ಆದ್ದರಿಂದ ಸಿಂಹರಾಜದಲ್ಲಿ ನಡೆಯುವುದಕ್ಕಿಂತ ನಿಲ್ಲುವುದು ಹೆಚ್ಚು ಫಲ ಕೊಡುತ್ತದೆ. ಪ್ರವಾಸ ಸಂಸ್ಥೆಗಳ ವೇಳಾಪಟ್ಟಿಗಳಲ್ಲಿ ಈ ಕಾಡಿಗೆ ಒಂದು ಬೆಳಿಗ್ಗೆಯನ್ನೋ ಒಂದು ದಿನವನ್ನೋ ಕೊಟ್ಟಿರುತ್ತಾರೆ. ಹಿಂಡು ಸಿಕ್ಕಿದರೆ ಸರಿ, ಸಿಗದಿದ್ದರೆ ಕಾಡನ್ನೇ ದೂರಿ ಹೊರಡಬೇಕಾಗುತ್ತದೆ. ಬೇರೆ ಎರಡು ಜಾಗ ಬಿಟ್ಟಾದರೂ ಇಲ್ಲಿ ಹೆಚ್ಚು ಹೊತ್ತು ಉಳಿಯಬೇಕು.

ಇದೇ ಸಿಂಹರಾಜದಲ್ಲಿ 2001ರಲ್ಲಿ ದೀಪಾಲ್ ವಾರಕಗೊಡ ಎಂಬ ಶ್ರೀಲಂಕಾದ ಪಕ್ಷಿತಜ್ಞರು ಹೊಸ ಗೂಬೆಯೊಂದನ್ನು ಕಂಡರು. ಯಾವ ಪುಸ್ತಕದಲ್ಲೂ ಇಲ್ಲದ ಅದರ ದನಿಯನ್ನು ಅವರು ಅದಕ್ಕೂ ಕೆಲವು ವರ್ಷಗಳ ಹಿಂದೆಯೇ ತೇವವಲಯದ ಕಿತುಲ್‌ಗಲದಲ್ಲಿ, ಕೆಲನಿ ನದಿಯ ದಡದ ಕಾಡಿನಲ್ಲಿ, ಕೇಳಿದ್ದರು. ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಆ ದ್ವೀಪದಲ್ಲಿ ಪತ್ತೆಯಾದ ಹೊಸ ಹಕ್ಕಿ ಅದು. ಕೆಂಗಂದು ಬಣ್ಣದ, ಕಿವಿಯ ಬಳಿ ಗರಿಯ ಜುಟ್ಟುಗಳಿಲ್ಲದ, ಗುಬ್ಬಚ್ಚಿಗಿಂತ ತುಸು ದೊಡ್ಡದಾದ ಈ ಸೆರೆಂಡಿಬ್ ಗೂಬೆ ಹಗಲಿನಲ್ಲಿ ನೆಲಕ್ಕೆ ತೀರಾ ಹತ್ತಿರದ ಪೊದೆಯಲ್ಲಿ ಮಲಗುತ್ತದೆ. 2004ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟಾಗ ಥಿಲೊ ಹಾಫ್‌ಮನ್ ಅವರ ಗೌರವಾರ್ಥ ‘ಥಿಲೊಹಾಫ್‌ಮನ್ನಿ’ ಎಂದರು. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ ಈ ಹಾಫ್‌ಮನ್, ಎಪ್ಪತ್ತರ ದಶಕದಲ್ಲಿ ಸಿಂಹರಾಜದ ಮರ ಕಡಿತದ ವಿರುದ್ಧ ನಡೆದ ಹೋರಾಟದ ಮುಂಚೂಣಿಯಲ್ಲಿದ್ದವರು. ಆ ಗೂಬೆ ಮೊದಲು ಕಣ್ಣಿಗೆ ಬಿದ್ದದ್ದೂ ಅವರು ಉಳಿಸಿದ ಆ ಕಾಡಿನಲ್ಲೇ.

ಗೂಬೆ, ಕಪ್ಪೆಬಾಯಿಗಳು ಮಲಗುವ ಪೊದೆಗಳು ಸ್ಥಳೀಯ ಮಾರ್ಗದರ್ಶಿಗಳಿಗೆ ತಿಳಿದಿರುತ್ತವೆ. ಕರೆದುಕೊಂಡು ಹೋದರೆ ಹತ್ತಿರ ಹೋಗುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಅವರು ನಿಲ್ಲಿಸಿದ ಜಾಗದಿಂದ ಒಂದು ಹೆಜ್ಜೆಯೂ ಮುಂದೆ ಇಡಬಾರದು, ಮೊಬೈಲಿನಲ್ಲಿ ಹಕ್ಕಿಯ ದನಿ ನುಡಿಸಿ ಅದನ್ನು ಎಬ್ಬಿಸುವಂತೆ ಒತ್ತಾಯಿಸಬಾರದು. ಒಂದೇ ಹಕ್ಕಿಯನ್ನು ಇಡೀ ಋತುವಿನಲ್ಲಿ ದಿನವೂ ಯಾರೋ ಒಬ್ಬರು ಎಬ್ಬಿಸುತ್ತಿದ್ದರೆ ಅದು ಆ ಪೊದೆಯನ್ನೇ ಬಿಡುತ್ತದೆ. ನಮ್ಮಲ್ಲಿ ಛಾಯಾಚಿತ್ರದ ಹುಚ್ಚು ಹೆಚ್ಚಾದ ಮೇಲೆ ಆಗಿರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಲಕರಣೆಯ ವಿಷಯ ಎರಡೇ ಮಾತು. ಮಳೆಕಾಡಿನ ಮಬ್ಬಿನಲ್ಲಿ 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮಸೂರದ) ದುರ್ಬೀನು ಸಾಕು, 10x42ಕ್ಕಿಂತ ಅದರಲ್ಲಿ ಬೆಳಕು ಹೆಚ್ಚು, ಕೈನಡುಕ ಕಡಿಮೆ. ಎಸಿ ಕೋಣೆಯಲ್ಲಿ ಇಟ್ಟ ದುರ್ಬೀನನ್ನು ನೇರವಾಗಿ ಕಾಡಿಗೆ ಒಯ್ದರೆ ಗಾಜಿನ ಮೇಲೆ ಹಬೆ ಕೂತು ಮೊದಲ ಅರ್ಧ ಗಂಟೆ ಕುರುಡಾಗುತ್ತದೆ, ಆದ್ದರಿಂದ ರಾತ್ರಿಯೇ ಅದನ್ನು ಜಗುಲಿಯಲ್ಲಿಡಬೇಕು. ಇಂಬಳದ ಬಗ್ಗೆ ಮಲೆನಾಡಿನವರಿಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು ಮಾತ್ರ ಮೊಣಕಾಲಿನವರೆಗಿನ ಬಟ್ಟೆಯ ಇಂಬಳಚೀಲ ಒಯ್ಯಬೇಕು. ಸಸ್ಯಾಹಾರಿಗಳು ಇನ್ನೊಂದನ್ನು ನೆನಪಿಡಬೇಕು: ಬೆಳಗಿನ ಶಾವಿಗೆಯ ಜೊತೆ ಬರುವ ಕೆಂಪು ತೆಂಗಿನ ಚಟ್ನಿಯಲ್ಲಿ ಅನೇಕ ಕಡೆ ಒಣಮೀನಿನ ಪುಡಿ ಇರುತ್ತದೆ, ಕೇಳಿಯೇ ಹಾಕಿಸಿಕೊಳ್ಳಬೇಕು. ಅಲ್ಲಿನ ಕುರಕ್ಕನ್ ನಮ್ಮ ರಾಗಿಯೇ; ಅದರಿಂದ ಮಾಡುವ, ಮುದ್ದೆಯಂಥ ತಲಪವನ್ನು ಮುಂದಿಟ್ಟಾಗ ಮೇಷ್ಟ್ರು ಮುರಿದು ನುಂಗಿದ ರೀತಿ ಕಂಡು ಹೋಟೆಲಿನವರೇ ಬೆರಗಾದರು.

ಬೆಟ್ಟಕ್ಕೆ ಬಂದರೆ ಪಟ್ಟಿ ಪೂರ್ತಿ ಬದಲಾಗುತ್ತದೆ. ಹಾರ್ಟನ್ ಪ್ಲೇನ್ಸ್ ಸುಮಾರು 2,100 ಮೀಟರಿಗಿಂತ ಎತ್ತರದ ಹುಲ್ಲುಗಾವಲು, ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಮೇಲೆ. ಕುದುರೆಮುಖದ ಶೋಲಾ ಕಾಡುಗಳನ್ನು ನೋಡಿದವರಿಗೆ ಹುಲ್ಲು ಮತ್ತು ಕುಳ್ಳಕಾಡು ಹೀಗೆ ಸರದಿಯಲ್ಲಿ ಬರುವುದು ಪರಿಚಿತ ದೃಶ್ಯ. ಮಹಾವೇಲಿ, ಕೆಲನಿ, ವಳವೆ ಎಂಬ ಮೂರು ನದಿಗಳ ಮೂಲ ಇಲ್ಲಿದೆ. ಕಿತುಲ್‌ಗಲದಲ್ಲಿ ಕಂಡ ನೀರು, ಉಡವಲವೆಯ ಆನೆಗಳು ಕುಡಿಯುವ ನೀರು ಎರಡೂ ಇಲ್ಲಿಂದಲೇ ಇಳಿದು ಬಂದವು. ಪ್ರವಾಸಿಗರು ‘ವರ್ಲ್ಡ್ಸ್ ಎಂಡ್’ ಎಂಬ ಪ್ರಪಾತದ ಕಡೆ ಓಡುತ್ತಾರೆ. ಪಕ್ಷಿವೀಕ್ಷಕರು ಅದಕ್ಕೂ ಮೊದಲೇ, ರಸ್ತೆ ಬದಿಯ ಒಂದು ಸಣ್ಣ ಕೊಳದ ಬಳಿ, ಕತ್ತಲು ಹರಿಯುವ ಹೊತ್ತಿನಲ್ಲಿ ನಡುಗುತ್ತ ನಿಂತಿರುತ್ತಾರೆ.

ಅವರು ಕಾಯುವುದು ಶ್ರೀಲಂಕಾ ಸಿಳ್ಳಾರಕ್ಕಾಗಿ. ನಮ್ಮ ಸಿಳ್ಳಾರ ಜೋಗದ ಬಂಡೆಯ ಮೇಲೆ ಕುಳಿತು ಯಾರೋ ಹುಡುಗ ಸಿಳ್ಳು ಹಾಕುತ್ತ ಹೋದಂತೆ ಉದ್ದುದ್ದಕ್ಕೆ ಹಾಡುತ್ತದೆ, ಜನ ಬಂದರೂ ಲೆಕ್ಕಿಸುವುದಿಲ್ಲ. ಅದರ ದ್ವೀಪದ ದಾಯಾದಿ ಗಾತ್ರದಲ್ಲಿ ಚಿಕ್ಕದು, ಸಂಖ್ಯೆಯಲ್ಲಿ ಕಡಿಮೆ, ಅಳಿವಿನ ಅಂಚಿನ ಪಟ್ಟಿಯಲ್ಲಿರುವುದು, ಸ್ವಭಾವದಲ್ಲಿ ಮಹಾ ಸಂಕೋಚದ್ದು. ಕಿವಿ ಚುಚ್ಚುವಂಥ ತೀಕ್ಷ್ಣವಾದ ಒಂದು ಸಿಳ್ಳು ಕೇಳಿತು. ಕೊಳದ ಆಚೆಯ ಪಾಚಿ ಮೆತ್ತಿದ ಕೊಂಬೆಯ ಮೇಲೆ ಕಪ್ಪಾದದ್ದೇನೋ ಅಲುಗಿತು. ತಿರುಗಿದಾಗ ಭುಜದ ಮೇಲೆ ನೀಲಿ ತೇಪೆಯೊಂದು ಕ್ಷಣ ಹೊಳೆಯಿತು. ಬಣ್ಣ ಸರಿಯಾಗಿ ತೋರುವಷ್ಟು ಬೆಳಕು ಬರುವ ಮೊದಲೇ ಅದು ಒಳಕ್ಕೆ ಹೋಯಿತು. ಇಂಥ ನೋಟವನ್ನು ‘ಲೈಫರ್’, ಎಂದರೆ ಬದುಕಿನಲ್ಲಿ ಮೊದಲ ಸಲ ಕಂಡ ಹಕ್ಕಿ, ಎಂದು ಬರೆದುಕೊಳ್ಳಬಹುದೇ ಎಂದು ಗುಂಪಿನಲ್ಲಿ ಸಣ್ಣ ಚರ್ಚೆಯಾಯಿತು. ಸಿಳ್ಳು ಮತ್ತು ಭುಜದ ನೀಲಿ ಎರಡೂ ಸಿಕ್ಕಿದ್ದರಿಂದ ನಾನು ಬರೆದುಕೊಂಡೆ. ಬೆಳಕು ಬಂದ ಮೇಲೆ ಹಳದಿ ಕಿವಿಯ ಪಿಕಳಾರ, ಬೂದುನೀಲಿ ನೊಣಹಿಡುಕ, ಶ್ರೀಲಂಕಾ ಬೆಳ್ಗಣ್ಣಗಳು ಯಾವ ಬಿಂಕವೂ ಇಲ್ಲದೆ ರಸ್ತೆ ಬದಿಗೇ ಬಂದವು.

ಕೆಳಗಿನ ನುವರ ಎಲಿಯ ಪಟ್ಟಣದ ನಡುವೆ ಇರುವ ವಿಕ್ಟೋರಿಯಾ ಪಾರ್ಕ್, ನೋಡಲು ಲಾಲ್‌ಬಾಗಿನ ತುಣುಕಿನಂತಿದೆ. ಹೂಪಾತಿ, ಮಕ್ಕಳ ರೈಲು, ಜೋಡಿಗಳು ಕೂರುವ ಬೆಂಚು. ಆದರೆ ಚಳಿಗಾಲದಲ್ಲಿ ಅಲ್ಲಿನ ತೊರೆಯ ಪಕ್ಕದ ಪೊದೆಗಳಿಗೆ ಕಾಶ್ಮೀರದ ನೊಣಹಿಡುಕ ಬರುತ್ತದೆ. ಹನ್ನೆರಡು ಹದಿಮೂರು ಸೆಂಟಿಮೀಟರ್ ಉದ್ದದ, ಕಪ್ಪು ಅಂಚಿನ ಕೆಂಪು ಕೊರಳಿನ ಈ ಪುಟ್ಟ ಹಕ್ಕಿ ಕಾಶ್ಮೀರದ ಸುತ್ತಿನ ಕಾಡುಗಳಲ್ಲಿ ಮರಿ ಮಾಡಿ, ಇಡೀ ಭಾರತವನ್ನು ದಾಟಿ, ನೀಲಗಿರಿಗೂ ಈ ಬೆಟ್ಟಗಳಿಗೂ ಬರುತ್ತದೆ. ಅದೇ ತೊರೆಯ ಬದಿಯಲ್ಲಿ ನವರಂಗ ಎಲೆ ತಿರುವುತ್ತಿತ್ತು. ಅಕ್ಟೋಬರ್ ನವೆಂಬರ್‌ನಲ್ಲಿ ದಕ್ಷಿಣಕ್ಕೆ ಹೋಗುವಾಗ ದಣಿದು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬಾಲ್ಕನಿಗೆ ಬೀಳುವ, ‘ಇದ್ಯಾವ ಬಣ್ಣದ ಹಕ್ಕಿ’ ಎಂದು ವಾಟ್ಸ್ಆಪ್ ಗುಂಪುಗಳಲ್ಲಿ ಪ್ರತಿವರ್ಷ ಚಿತ್ರ ಹರಿದಾಡುವ ನವರಂಗವೇ ಅದು. ಅವು ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಯ ಒಂದು ಉತ್ತರ ಇಲ್ಲಿ, ಕಸದ ಡಬ್ಬಿಯಿಂದ ಹತ್ತು ಹೆಜ್ಜೆ ದೂರದಲ್ಲಿ ನೆಗೆದಾಡುತ್ತಿತ್ತು.

ಹೋಗಲು ಒಳ್ಳೆಯ ಕಾಲ ಜನವರಿಯಿಂದ ಮಾರ್ಚ್. ನೈಋತ್ಯ ಮಾನ್ಸೂನ್ ಮೇ ತಿಂಗಳಲ್ಲಿ ಶುರುವಾಗುತ್ತದೆ, ಅಕ್ಟೋಬರ್ ನವೆಂಬರ್‌ನಲ್ಲಿ ಮಧ್ಯಾಹ್ನದ ಗುಡುಗುಮಳೆ. ಜನವರಿಯ ಹೊತ್ತಿಗೆ ತೇವವಲಯ ತುಸು ಬಿಡುವು ಕೊಡುತ್ತದೆ, ವಲಸೆ ಹಕ್ಕಿಗಳೂ ಇನ್ನೂ ಇರುತ್ತವೆ. ಬೆಟ್ಟದಲ್ಲಿ ಆಗ ಕೆಲವು ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ, ಸ್ವೆಟರ್ ಮರೆಯಬಾರದು. ನಮ್ಮವರಿಗೆ ನಾನು ಹೇಳುವ ಕ್ರಮ ಇದು: ಬುಂದಲದಂಥ ಪರಿಚಿತ ಒಣವಲಯದಿಂದ ಆರಂಭಿಸಿ, ಅಲ್ಲಿಂದ ಬೆಟ್ಟ ಹತ್ತಿ, ಕೊನೆಗೆ ಮಳೆಕಾಡಿಗೆ ಇಳಿಯುವುದು. ಕಣ್ಣು ಮತ್ತು ಕಿವಿ ಪರಿಚಿತ ದನಿಗಳಿಂದ ಅಪರಿಚಿತ ದನಿಗಳಿಗೆ ಹಂತಹಂತವಾಗಿ ಪಳಗುತ್ತವೆ.

ಎಲ್ಲರೂ ಬಿಡುವ ಉತ್ತರ ಭಾಗದ ಬಗ್ಗೆ ಒಂದು ಮಾತು ಉಳಿದಿದೆ. ಕೊಲಂಬೊದ ಆಕಾಶದಲ್ಲಿ ಏನೋ ಕೊರತೆ ಎಂದು ಮೊದಲ ದಿನದಿಂದಲೂ ಅನ್ನಿಸುತ್ತಿತ್ತು. ಅದು ಹದ್ದು ಎಂದು ಆಮೇಲೆ ಹೊಳೆಯಿತು. ಶಿವಾಜಿನಗರದ ಮೇಲೆ ಸದಾ ಸುತ್ತುವ ನಮ್ಮ ಸಾಮಾನ್ಯ ಹದ್ದು ಶ್ರೀಲಂಕಾದಲ್ಲಿ ಮುಖ್ಯವಾಗಿ ಉತ್ತರ ಮತ್ತು ವಾಯವ್ಯದ ಕರಾವಳಿಗೆ ಸೀಮಿತ. ದಕ್ಷಿಣದಲ್ಲಿ ಗರುಡ ಧಾರಾಳವಾಗಿದ್ದರೂ ಹದ್ದು ಇಲ್ಲ. ಹೆಸರಘಟ್ಟದಲ್ಲಿ ಬೆಳಗಿನ ಹೊತ್ತು ಅಬ್ಬರಿಸುವ ಗೌಜಲಹಕ್ಕಿಯದೂ ಇದೇ ಕಥೆ. ಎಲ್ಲಕ್ಕಿಂತ ಕುತೂಹಲದ್ದು ಮರಕುಟಿಗ. ಕಬ್ಬನ್ ಪಾರ್ಕಿನಲ್ಲಿ ದಿನವೂ ಕಾಣುವ ಹೊಂಬೆನ್ನಿನ ಮರಕುಟಿಗ ಶ್ರೀಲಂಕಾದ ಉತ್ತರದಲ್ಲಿ ಹೊಂಬೆನ್ನಿನದಾಗಿಯೇ ಇದೆ. ಮಧ್ಯ ಮತ್ತು ದಕ್ಷಿಣದಲ್ಲಿ ಅದರ ಜಾಗದಲ್ಲಿರುವುದು ಕೆಂಬೆನ್ನಿನ ಮರಕುಟಿಗ. ಎರಡೂ ಸಂಧಿಸುವ ಪಟ್ಟಿಯಲ್ಲಿ ಕೂಡುತಳಿಗಳಿದ್ದು, ಅವುಗಳ ಬೆನ್ನು ಹಳದಿಗೂ ಕೆಂಪಿಗೂ ನಡುವಿನ ಕಿತ್ತಳೆಯ ಛಾಯೆಗಳಲ್ಲಿರುತ್ತದೆ. ಕೆಂಬೆನ್ನಿನದು ಬೇರೆಯೇ ಪ್ರಭೇದ ಎಂಬ ವಾದಕ್ಕೆ 2016ರಲ್ಲಿ ಶ್ರೀಲಂಕಾದ ಸಂಶೋಧಕರು ಪ್ರಕಟಿಸಿದ ಅಧ್ಯಯನ ಬೆಂಬಲ ಕೊಟ್ಟಿತು. ಸೋಜಿಗವೆಂದರೆ, ಅದೇ ದ್ವೀಪದ ಕಾಡಿನಲ್ಲಿರುವ, ಬೇರೆ ಕುಲಕ್ಕೆ ಸೇರಿದ ದೊಡ್ಡ ಮರಕುಟಿಗದ ಬೆನ್ನೂ ಕಡುಗೆಂಪೇ. ಎರಡನ್ನೂ ಬೇರೆ ಮಾಡಲು ಕೊಕ್ಕು ನೋಡಬೇಕು: ದೊಡ್ಡದರ ಕೊಕ್ಕು ದಂತದ ಬಣ್ಣದ್ದು, ಚಿಕ್ಕದರದು ಕಪ್ಪು.

ಮುಂದಿನ ಪ್ರವಾಸಕ್ಕೆ ಮೇಷ್ಟ್ರು ಈಗಾಗಲೇ ದಾರಿ ಗುರುತು ಹಾಕಿದ್ದಾರೆ. ಮನ್ನಾರ್‌ನಲ್ಲಿ ರಾಜಹಂಸ ಮತ್ತು ಏಡಿ ತಿನ್ನುವ ಕಡಲಂಚಿನ ಹಕ್ಕಿ ಕ್ರ್ಯಾಬ್ ಪ್ಲೋವರ್ ನೋಡಿಕೊಂಡು, ಅಲ್ಲಿಂದ ಅನುರಾಧಪುರದ ಕಡೆಗೆ ಕೆರೆಗಳ ದಾರಿ ಹಿಡಿದು ದಕ್ಷಿಣಕ್ಕೆ ಬರುವುದು, ದಾರಿಯಲ್ಲಿ ಸಿಕ್ಕ ಪ್ರತಿ ಮರಕುಟಿಗದ ಬೆನ್ನಿನ ಬಣ್ಣವನ್ನು ಊರಿನ ಹೆಸರಿನೊಂದಿಗೆ ಬರೆದುಕೊಳ್ಳುವುದು. ಈ ಸಲ ಯಾವ ಪ್ರವಾಸ ಸಂಸ್ಥೆಯೂ ಬೇಡ, ಒಂದು ವ್ಯಾನು ಮತ್ತು ತಮಿಳು ಬಲ್ಲ ಒಬ್ಬ ಡ್ರೈವರ್ ಸಾಕು ಎಂಬುದು ಅವರ ತೀರ್ಮಾನ.